ಇಲಿ ಕಡಿದ ವೈರು

ನನ್ನ ಗಂಡನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕೊಪ್ಪದ ಆಸ್ಪತ್ರೆಯಲ್ಲಿರಬೇಕು. ಸೀತೂರಿನ ನಮ್ಮ ಮನೆಯಿಂದ ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ಮೊದಲೆಲ್ಲ ಕಾರು ಅವರೇ ಓಡಿಸುತ್ತಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಸ್ಟೇರಿಂಗ್ ನನ್ನ ಪಾಲಿಗೆ ಬಂತು. ಐವತ್ತೆರಡು ದಾಟಿದ ಮೇಲೆ ಕಲಿತ ವಿದ್ಯೆ ಅದು. ಹಾಗಾಗಿ ಆ ಮಂಗಳವಾರ ಕೀಲಿ ತಿರುಗಿಸಿದಾಗ ಎಂಜಿನ್ ನಾಲ್ಕು ಸಲ ನಡುಗಿ ನಿಂತುಹೋದದ್ದು ನನ್ನದೇ ತಪ್ಪು ಅಂದುಕೊಂಡೆ.

ಮತ್ತೆ ತಿರುಗಿಸಿದೆ. ಹಳದಿ ದೀಪ ಹತ್ತಿತೇ ಹೊರತು ಗಾಡಿ ಶುರುವಾಗಲಿಲ್ಲ.

"ಬಾನೆಟ್ ತೆಗಿ ಮಾರಾಯ್ತಿ, ನೋಡುವ" ಎಂದು ಅವರು ಒಳಗೇ ಕುಳಿತು ಹೇಳಿದರು.

ತೆಗೆದೆ. ಬ್ಯಾಟರಿಯ ಮೇಲೆ ನಾಲ್ಕು ಹಲಸಿನ ಬೀಜಗಳಿದ್ದವು. ಅವುಗಳ ಪಕ್ಕದಲ್ಲಿ ಹುಲ್ಲು, ಹಳೆಯ ಗೋಣಿಯ ನಾರು, ಹರಿದ ಬಟ್ಟೆಯ ಚೂರು ಸೇರಿಸಿ ಮಾಡಿದ ಗೂಡು. ಕೆಳಗೆ ಹೋಗುವ ದಪ್ಪ ವೈರಿನ ಕಟ್ಟಿನಲ್ಲಿ ಎರಡು ಎಳೆ ಪೂರ್ತಿ ತುಂಡಾಗಿದ್ದವು, ಉಳಿದವುಗಳ ಸಿಪ್ಪೆ ಸುಲಿದು ತಾಮ್ರ ಹೊಳೆಯುತ್ತಿತ್ತು.

ಬಸ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಆಟೋದವರಿಗೆ ಫೋನ್ ಮಾಡಿ, ಅವರು ಬಂದು, ನಾವು ಕೊಪ್ಪ ತಲುಪುವಾಗ ಒಂಬತ್ತೂವರೆ. ನನ್ನ ಗಂಡನ ಹಾಸಿಗೆಯಲ್ಲಿ ಆಗಲೇ ಬೇರೊಬ್ಬರು ಮಲಗಿದ್ದರು. ತಪ್ಪು ಅಲ್ಲಿಯವರದಲ್ಲ, ಕಾಯುವವರು ಎಷ್ಟೋ ಜನ. "ಒಂದು ಪಾಳಿ ಮುಗಿಲಿ, ಹೇಗಾದ್ರೂ ಸೇರಿಸ್ತೇನೆ ಅಮ್ಮ" ಎಂದು ನರ್ಸ್ ಹೇಳಿದಳು. ಮಧ್ಯಾಹ್ನದವರೆಗೆ ಅವರು ಬೆಂಚಿನ ಮೇಲೆ ಕುಳಿತರು. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿತ್ತು. ಬಗ್ಗಿ ಪಟ್ಟಿ ಬಿಚ್ಚುವಾಗ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗಲಿಲ್ಲ. ಇಲಿಯ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಮರುದಿನ ನರಸಿಂಹರಾಜಪುರದಿಂದ ಗಾಡಿಯ ವೈರಿಂಗ್ ಕೆಲಸದವರು ಬೈಕಿನಲ್ಲಿ ಬಂದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ತುಂಡಾದ ಎಳೆಗಳನ್ನು ಒಂದೊಂದಾಗಿ ಬೆಸೆದು ಟೇಪ್ ಸುತ್ತಿ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ ಹಾಕಿದರು.

"ಅದಕ್ಕೆ ಹಲ್ಲು ಬೆಳೀತಾನೇ ಇರ್ತದೆ ಅಕ್ಕ. ಎಂತಾದ್ರೂ ಕಡೀತಾ ಇರ್ಲೇಬೇಕು. ಪುನಃ ಬರ್ತದೆ, ನೋಡ್ಕೊಳ್ಳಿ" ಅಂದರು.

ನೋಡಿಕೊಳ್ಳುವುದು ಹೇಗೆ ಎಂದು ಕೇಳುವಷ್ಟರಲ್ಲಿ ಅವರಿಗೆ ಇನ್ನೊಂದು ಫೋನ್ ಬಂದು ಹೊರಟುಹೋದರು.

ಹಾಗಾಗಿ ಸಿಕ್ಕಿದವರನ್ನೆಲ್ಲ ಕೇಳಿದೆ. ಸಿರಿಮನೆಯಲ್ಲಿರುವ ನನ್ನ ತಂಗಿ ಹೊಗೆಸೊಪ್ಪು ಕಟ್ಟಲು ಹೇಳಿದಳು. ಮೇಗುಂದದ ನೆಂಟರೊಬ್ಬರು ನುಸಿಗುಳಿಗೆಯೇ ಸರಿ ಎಂದರು. ಮೊದಲು ನುಸಿಗುಳಿಗೆ. ಬಟ್ಟೆಯ ಚೀಲದಲ್ಲಿ ಒಂದು ಹಿಡಿ ಹಾಕಿ ಎಂಜಿನ್ನಿನ ಪಕ್ಕ ಕಟ್ಟಿದೆ. ಶುಕ್ರವಾರ ಅರ್ಧ ದಾರಿಗೆ ಹೋಗುವಾಗ ಎಂಜಿನ್ ಬಿಸಿಗೆ ಅದರ ವಾಸನೆಯೆಲ್ಲ ಏಸಿಯ ಗಾಳಿಯಲ್ಲಿ ಒಳಗೆ ಬಂತು. ಅವರಿಗೆ ಮೊದಲೇ ಹೊಟ್ಟೆ ತೊಳಸುವ ಕಾಯಿಲೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಬೆನ್ನು ನೀವುತ್ತ ನಿಂತೆ. ವಾಂತಿ ಮುಗಿಸಿ ಬಾಯಿ ಒರೆಸಿಕೊಂಡು, "ಇಲಿ ಹೋಗ್ಲಿಕ್ಕೆ ಹಾಕಿದ್ದಾ, ನಾನು ಹೋಗ್ಲಿಕ್ಕಾ?" ಎಂದರು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಚೀಲ ಬಿಚ್ಚಿ ಡಿಕ್ಕಿಯಲ್ಲಿ ಹಾಕಿ, ಕಿಟಕಿ ಪೂರ್ತಿ ತೆರೆದು ಕೊಪ್ಪ ಸೇರಿದೆವು.

ಆಮೇಲೆ ಹೊಗೆಸೊಪ್ಪು. ಎರಡು ಮೂರು ವಾರ ಏನೂ ಆಗದ್ದರಿಂದ ತಂಗಿಗೆ ಫೋನ್ ಮಾಡಿ ಹೊಗಳಿಯೂ ಬಿಟ್ಟೆ. ಸೊಪ್ಪು ಒಣಗಿ ಘಾಟು ಹೋದ ಮೇಲೆ ಇಲಿಗಳು ಅದನ್ನೇ ಹಾಸಿಕೊಂಡು ಹೊಸ ಗೂಡು ಕಟ್ಟಿದ್ದವು. ಗ್ಲಾಸ್ ತೊಳೆಯುವ ನೀರಿನ ಪೈಪು ಈ ಸಲ ಹೋಗಿತ್ತು. ವಿಷ ಇಡೋಣ ಎಂದೆ. "ಬೇಡ. ತಿಂದು ಎಂಜಿನ್ನಿನ ಸಂದಿಲ್ಲಿ ಸತ್ರೆ ನಾತ ತೆಗೆಯೋರು ಯಾರು? ಮನೆ ಬೆಕ್ಕು ತಿಂದ್ರೆ?" ಎಂದು ಅವರು ತಡೆದರು.

ವೈರಿಂಗಿನವರು ಎರಡನೆಯ ಸಲ ಬಂದಾಗ ಕಾರಿನ ಹತ್ತಿರ ಹೋಗಲೇ ಇಲ್ಲ.

"ಮೊದಲು ಶೆಡ್ ತೋರ್ಸಿ ಅಕ್ಕ."

ತೋರಿಸಿದೆ. ಕಾರು ನಿಲ್ಲಿಸುವ ಜಾಗದ ಹಿಂದಿನ ಗೋಡೆಗೆ ತಾಗಿಕೊಂಡು ದನದ ಹಿಂಡಿಯ ಎರಡು ಚೀಲ, ಅದರಾಚೆ ಹುಲ್ಲಿನ ಹೊರೆ, ಮೂಲೆಯ ಬುಟ್ಟಿಯಲ್ಲಿ ಕೆಡದಿರಲೆಂದು ಕೆಮ್ಮಣ್ಣು ಸವರಿ ಇಟ್ಟ ಹಲಸಿನ ಬೀಜ. ಎಲ್ಲ ನಾನೇ ಇಟ್ಟದ್ದು. ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಕೈಗೆ ಸಿಗಲಿ ಎಂದು.

"ಊಟ ಇಲ್ಲಿ ಹಾಕ್ತೀರಿ. ಎರಡು ಹೆಜ್ಜೆಲಿ ಬೆಚ್ಚಗಿನ ಮನೆ. ಅವು ಎಲ್ಲಿಗೆ ಹೋಗ್ಬೇಕು ಹೇಳಿ?" ಎಂದರು. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಅಂದೇ ಹಿಂಡಿಯನ್ನು ಮುಚ್ಚಳದ ಡ್ರಮ್ಮಿಗೆ ಸುರಿದು ಕೊಟ್ಟಿಗೆಗೆ ಸಾಗಿಸಿದೆ. ಹುಲ್ಲು ಅಟ್ಟಕ್ಕೆ ಹೋಯಿತು, ಬೀಜ ಅಡುಗೆಮನೆಗೆ. ಏಸಿಗೆ ಗಾಳಿ ಎಳೆಯುವ ಬಾಯಿಗೆ ವೈರಿಂಗಿನವರು ಸಣ್ಣ ಕಣ್ಣಿನ ತಂತಿಬಲೆ ಕೂರಿಸಿದರು. ಬಿಸಿ ಪೈಪಿನ ಹತ್ತಿರ ಬಟ್ಟೆ, ಚೀಲ ಯಾವುದನ್ನೂ ಕಟ್ಟಬಾರದು, ಬೆಂಕಿ ಹಿಡಿದೀತು ಎಂದು ಎರಡೆರಡು ಸಲ ಹೇಳಿದರು. ಕಾರನ್ನು ಗೋಡೆಗೆ ತಾಗಿಸದೆ ನಿಲ್ಲಿಸಬೇಕು, ಬಂದ ಮೇಲೆ ಬಾನೆಟ್ ತೆರೆದಿಡಬೇಕು. ಬೆಳಕು ಬಿದ್ದು, ಬೇಗ ತಣಿದರೆ ಇಲಿಗೆ ಆ ಜಾಗ ರುಚಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ದಿನಾ ಒಮ್ಮೆ ಕಣ್ಣು ಹಾಯಿಸಬೇಕು.

"ಅದು ನನ್ನ ಕೆಲಸ" ಎಂದರು ಕುರ್ಚಿಯಲ್ಲಿ ಕುಳಿತಿದ್ದ ನನ್ನ ಗಂಡ.

ಕಾಯಿಲೆ ಬಿದ್ದಂದಿನಿಂದ ಯಾವುದನ್ನೂ 'ನನ್ನ ಕೆಲಸ' ಎಂದು ಅವರು ಹೇಳಿದ್ದು ನಾನು ಕೇಳಿರಲಿಲ್ಲ. ಮರುದಿನದಿಂದ ಎದ್ದ ಕೂಡಲೇ ಪಂಚೆ ಎತ್ತಿ ಕಟ್ಟಿ, ಟಾರ್ಚ್ ಹಿಡಿದು ಶೆಡ್ಡಿಗೆ ಹೋಗತೊಡಗಿದರು. ಅರ್ಧ ಲೋಟ ಕಾಫಿ ಆಮೇಲೆ. ಅವರಿಗೆ ನೀರು, ಕಾಫಿ ಎಲ್ಲ ಅಳತೆಯಲ್ಲೇ. ಒಂದು ವಾರದೊಳಗೆ ಬ್ಯಾಟರಿಯ ಹತ್ತಿರ ಹಿಕ್ಕೆ ಕಂಡು, ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಬೋನು ಇಟ್ಟರು. ಒಂದು ಸಿಕ್ಕಿತು. ಕೊಲ್ಲಲು ಇಬ್ಬರಿಗೂ ಮನಸ್ಸಾಗಲಿಲ್ಲ. ಹತ್ತಿರ ಬಿಟ್ಟರೆ ಮರಳಿ ಬರುತ್ತದೆ. ಅಂದು ಮಂಗಳವಾರವೂ ಆಗಿದ್ದರಿಂದ ಬೋನನ್ನು ಕಾಲ ಬಳಿ ಇಟ್ಟುಕೊಂಡು ಅವರು ಕಾರು ಹತ್ತಿದರು. ಮನೆ, ತೋಟ ಯಾವುದೂ ಇಲ್ಲದ ಕಾಡಿನ ತಿರುವಿನಲ್ಲಿ ಬೋನಿನ ಬಾಗಿಲು ತೆರೆದು ಬಿಟ್ಟೆವು. ಇಲಿ ಒಂದು ಕ್ಷಣ ಡಾಂಬರಿನ ಮೇಲೆ ಕುಳಿತು, ಆಮೇಲೆ ಓಡಿತು.

"ಪಾಪ, ಅದಕ್ಕೆ ದಾರಿ ಗೊತ್ತಿಲ್ಲ" ಎಂದರು ಅವರು.

ಹೀಗೆ ಮೂರು ಇಲಿ ಬಿಟ್ಟೆವು. ನಂತರ ಬೋನು ಖಾಲಿಯೇ ಇರುತ್ತಿತ್ತು. ಅಲ್ಲಿಂದೀಚೆಗೆ ಎರಡು ಮಳೆಗಾಲ ಕಳೆದಿವೆ, ವೈರು ಹೋಗಿಲ್ಲ. ಒಮ್ಮೆ ಮರ ಬಿದ್ದು ರಸ್ತೆ ಬಂದ್ ಆಗಿ ತಡವಾಯಿತು, ಅದಕ್ಕೆ ಇಲಿಯನ್ನು ದೂರುವಂತಿಲ್ಲ.

ಮೊನ್ನೆ ಡಯಾಲಿಸಿಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಶೃಂಗೇರಿ ಕಡೆಯ ಒಬ್ಬರು ಕುಳಿತಿದ್ದರು. ಕಾರು ಕೆಟ್ಟು ಬಸ್ಸಿನಲ್ಲಿ ಬಂದೆ, ಯಾವುದೋ ಪ್ರಾಣಿ ವೈರು ಕಡಿದಿದೆ ಎಂದು ನನಗೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಅತ್ತ ತಿರುಗಿ ಕುಳಿತರು. ಅಲ್ಲಿ ನಾಲ್ಕು ಮಾತಿಗಿಂತ ಹೆಚ್ಚು ಆಡದ ಮನುಷ್ಯ.

"ಕಾರು ಆಮೇಲೆ ನೋಡುವ ಮಾರಾಯ್ರೆ. ಶೆಡ್ಡಲ್ಲಿ ಎಂತೆಂತ ಇಟ್ಟಿದೀರಿ, ಅದು ಹೇಳಿ."

ತೂಕ ನೋಡಬೇಕೆಂದು ನರ್ಸ್ ಎರಡು ಸಲ ಕರೆದಳು. ಅವರು "ಬಂದೆ, ಬಂದೆ" ಎನ್ನುತ್ತ, ತಂತಿಬಲೆಯ ಕಣ್ಣು ಎಷ್ಟು ಸಣ್ಣದಿರಬೇಕೆಂದು ಬೆರಳಲ್ಲಿ ತೋರಿಸುತ್ತಿದ್ದರು.