ಬಂಬದ ತಳದ ಚಿಕ್ಕಿ

ಗೀಜರನ್ನು ಗೋಡೆಯಿಂದ ಇಳಿಸಿ ಹಿತ್ತಿಲ ಕಟ್ಟೆಯ ಮೇಲೆ ಬೋರಲು ಹಾಕಿದ ಮೆಕ್ಯಾನಿಕ್, ಅದನ್ನು ಎರಡೂ ಕೈಯಿಂದ ಹಿಡಿದು ಒಮ್ಮೆ ಅಲುಗಾಡಿಸಿದ. ಒಳಗೆ ಗಿಲಿಗಿಲಿ ಸದ್ದಾಯಿತು. ಇಲ್ಲಿಯ ಬೋರಿನ ಗಡಸು ನೀರು ಇಷ್ಟು ವರ್ಷ ಕಟ್ಟಿದ ಸುಣ್ಣದ ಚೂರುಗಳು ಅವು. ಸುಟ್ಟ ತಾಮ್ರದ ಸುರುಳಿಯನ್ನು ಹೊರಗೆಳೆದಾಗ, ಒದ್ದೆ ಬೂದಿಗೆ ಲೋಹದ ಒಗರು ಬೆರೆತಂಥ ಒಂದು ವಾಸನೆ ಬಂತು. ನನ್ನ ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಹೋಗಲಿಲ್ಲ. ಆ ಸದ್ದು, ಆ ವಾಸನೆ ಎರಡೂ ಒಟ್ಟಿಗೆ ನನ್ನೆದುರು ಬಂದದ್ದು ಹಿಂದೆ ಒಂದೇ ಒಂದು ಸಲ... ಜಮಖಂಡಿಯಲ್ಲಿ, ನಾನು ಮದುವೆಯಾಗಿ ಹೋದ ಎರಡನೆಯ ತಿಂಗಳಲ್ಲಿ.

ಎರಡನೆಯ ತಿಂಗಳು ಎಂದು ಬರೆದುಬಿಟ್ಟೆ. ಮೂರನೆಯದೂ ಇರಬಹುದು. ಚಳಿಗಾಲ ಎಂಬುದಷ್ಟೇ ಖಚಿತ. ಬಚ್ಚಲ ಹಾಸುಗಲ್ಲು ಅಂಗಾಲಿಗೆ ಕೊರೆಯುತ್ತಿದ್ದದ್ದು ಈಗಲೂ ಅಂಗಾಲಿಗೇ ನೆನಪಿದೆ. ತಲೆಯ ನೆನಪಿಗಿಂತ ಅದನ್ನು ಹೆಚ್ಚು ನಂಬುತ್ತೇನೆ.

ನಮ್ಮ ಮನೆಯಿಂದ ಮೂರನೆಯ ಮನೆ ತಾಂಬಟಗಾರ ಕಾಕಾ ಅವರದು. ತಾಮ್ರ ಬಡಿಯುವ ಕಸುಬು. ಓಣಿಗೆಲ್ಲ ಅವರು ಕಾಕಾ, ನನ್ನ ಮಾವನವರಿಗೆ ಮಾತ್ರ ಮಿಸ್ತ್ರಿ. ಗಿಡ್ಡ ಆಳು, ಅಗಲ ಭುಜ. ಎಡಗಿವಿ ಸ್ವಲ್ಪ ಮಂದ, ಆ ಕಡೆಯೇ ಬಡಿಗೆಯ ಸದ್ದು ಹೆಚ್ಚು ಬೀಳುತ್ತಿತ್ತಂತೆ. ಕೊಡ, ತಪ್ಪೇಲಿ, ಹಂಡೆ ಎಲ್ಲ ಮಾಡುತ್ತಿದ್ದರು. ಆದರೆ ಅವರ ಹೆಸರು ನಿಂತದ್ದು ಬಂಬದ ಮೇಲೆ.

ಬಂಬ ಕಾಣದವರಿಗೆ ಹೇಳಬೇಕು. ಅದು ನೀರು ಕಾಯಿಸುವ ತಾಮ್ರದ ದೊಡ್ಡ ಉರುಳೆ, ಮೂರು ಕಾಲಿನ ಮೇಲೆ ನಿಲ್ಲುತ್ತದೆ. ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಬೆಂಕಿ ಅದರೊಳಗೆ, ನೀರು ಅದರ ಸುತ್ತ. ಹತ್ತಿಕಟ್ಟಿಗೆ, ಇದ್ದಲಿ, ಏನು ಹಾಕಿದರೂ ನಡೆಯುತ್ತದೆ. ಮೇಲೆ ಒಂದು ಬದಿಗೆ ತಣ್ಣೀರು ಸುರಿಯುವ ಆಲಿಕೆ, ಇನ್ನೊಂದು ಬದಿಗೆ ಬಿಸಿನೀರು ಬರುವ ಬಾಗಿದ ಮೂತಿ. ಒಂದು ತಂಬಿಗೆ ತಣ್ಣೀರು ಹಾಕಿದರೆ ಅದು ತಳಕ್ಕಿಳಿದು, ಮೇಲಿನ ಒಂದು ತಂಬಿಗೆ ಬಿಸಿನೀರನ್ನು ಮೂತಿಯಿಂದ ಹೊರಗೆ ದಬ್ಬುತ್ತದೆ. ಹಾಕದಿದ್ದರೆ ಹನಿಯೂ ಬರುವುದಿಲ್ಲ. ಕಾಕಾ ಮಾಡುತ್ತಿದ್ದದ್ದು ಇಂಥದನ್ನೇ. ಜನ ಅದನ್ನು 'ಕೊಟ್ಟು ತಗೊಳ್ಳೋ ಬಂಬ' ಎನ್ನುತ್ತಿದ್ದರು. ಮುಧೋಳಕ್ಕೆ, ಬೀಳಗಿಗೆ, ನನ್ನ ತವರಾದ ಬನಹಟ್ಟಿಗೆ ಅವು ಬಸ್ಸಿನ ನೆತ್ತಿಯ ಮೇಲೆ ಹೋಗುತ್ತಿದ್ದವು.

ಪಾತ್ರೆಯ ಮೇಲೆ ಹೆಸರು ಕೊರೆಸುವುದು ಕೊಂಡವರ ಹೆಸರನ್ನು, ಮಾಡಿದವರದನ್ನಲ್ಲ. ಆದರೆ ಕಾಕಾ ಪ್ರತಿ ಬಂಬದ ತಳದ ಬಳೆಯಲ್ಲಿ, ಎಂದರೆ ಕೊಳವೆಯನ್ನು ತಳಕ್ಕೆ ಬೆಸೆದ ಸುತ್ತುಪಟ್ಟಿಯಲ್ಲಿ, ಬೂದಿ ಬೀಳುವ ಕಡೆ, ಉಳಿಯ ಮೊನೆಯಿಂದ ಒಂದು ಚಿಕ್ಕಿ ಇಡುತ್ತಿದ್ದರು. ಎಳ್ಳಿನ ಕಾಳಿನಷ್ಟು ದೊಡ್ಡ ಚುಕ್ಕೆ. ಗೊತ್ತಿದ್ದವರು ಕೊಳ್ಳುವಾಗ ಬಂಬ ಮಗುಚಿ ಮೊದಲು ಅದನ್ನೇ ನೋಡುತ್ತಿದ್ದರು. ಬೆಸುಗೆ ತಮ್ಮ ಕೈತಪ್ಪಿನಿಂದ ಬಿಟ್ಟರೆ ಅದನ್ನು ಸರಿಮಾಡಿಕೊಟ್ಟು, ಆ ಚಿಕ್ಕಿಯನ್ನು ತಾವೇ ಬಡಿದು ಅಳಿಸುವುದು ಅವರ ನೇಮ. ಅಂಥದು ಇಡೀ ಆಯುಷ್ಯದಲ್ಲಿ ಒಂದೋ ಎರಡೋ ಆಗಿತ್ತಂತೆ. ನಮ್ಮ ಮನೆಯ ಬಂಬಕ್ಕೆ ಚಿಕ್ಕಿ ಇತ್ತು.

ಆಗ ಜಮಖಂಡಿ ಮುಂಬಯಿ ರಾಜ್ಯದಲ್ಲಿತ್ತು. ಮಾವನವರು ಸಂಸ್ಥಾನದ ಗುಮಾಸ್ತರಾಗಿದ್ದವರು. ಸಂಸ್ಥಾನ ಹೋಯಿತು, ಅವರು ಅದೇ ಕುರ್ಚಿಯಲ್ಲಿ ಕೂತು ಮುಂಬಯಿ ಸರಕಾರದ ಗುಮಾಸ್ತರಾದರು. ಕುರ್ಚಿ ಬದಲಾಗದ ದುಃಖಕ್ಕೋ ಏನೋ, ಮನೆಯಲ್ಲಿ ಏನನ್ನಾದರೂ ಬದಲಿಸುವ ಹುರುಪು ಅವರಿಗೆ. ಬಂಬದ ತಳದ ಹತ್ತಿರ ತೂತು ಕೊರೆದು ಹಿತ್ತಾಳೆಯ ನಳ ಕೂಡಿಸಬೇಕು, ತಿರುವಿದ ಕೂಡಲೆ ನೀರು ಬರಬೇಕು ಎಂದು ಅವರ ಆಸೆ. ಕಾಕಾ ಒಪ್ಪಲಿಲ್ಲ. ಇದು ನಾನು ಬರುವುದಕ್ಕಿಂತ ಮೊದಲಿನ ಮಾತು, ಅತ್ತೆ ಹೇಳಿ ಹೇಳಿ ನನಗೆ ಕಂಠಪಾಠ.

"ರಾಯರ, ಕೆಳಗ ತೂತು ಕೊರದ್ರ ಮಂದಿ ತಗೊಳ್ಳೂದಷ್ಟ ನೆನಪಿಟ್ಟು ಕೊಡೂದು ಮರೀತಾರ್ರಿ" ಎಂದರಂತೆ ಕಾಕಾ.

"ರಾಜರು ಹೋದ್ರು, ಮುಂಬೈ ಸರಕಾರ ಬಂತು. ನಿನ್ನ ಬಂಬ ಮಾತ್ರ ಇನ್ನೂ ಸಂಸ್ಥಾನದಾಗ ಅದ ನೋಡು ಮಿಸ್ತ್ರಿ" ಎಂದರಂತೆ ಮಾವನವರು.

ಕೊನೆಗೆ ಮಾವನವರು ಬೇರೆ ಊರಿನ ಪಂಪು ರಿಪೇರಿಯವನೊಬ್ಬನಿಂದ ಮೂತಿ ತೆಗೆಸಿ, ಆ ಜಾಗ ಮುಚ್ಚಿಸಿ, ಕೆಳಗೆ ನಳ ಹಾಕಿಸಿದರು. ಕಾಕಾ ಅದನ್ನು ನೋಡಲೂ ಬರಲಿಲ್ಲ.

ಆಮೇಲೆ ನಾನು ಬಂದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಇದ್ದದ್ದು ಹಂಡೆ, ಗೋಡೆಯ ಒಲೆಗೆ ಹೂತದ್ದು, ಬಾಯಿ ತೆರೆದದ್ದು. ಮುಚ್ಚಿದ ತಾಟು ಸರಿಸಿದರೆ ನೀರು ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಬಂಬದ ಹೊಟ್ಟೆ ಯಾರಿಗೂ ಕಾಣುವುದಿಲ್ಲ. ಆ ಬೆಳಿಗ್ಗೆ ಮನೆಯವರದೆಲ್ಲ ಸ್ನಾನವಾಗಿ ಮಾವನವರೊಬ್ಬರು ಉಳಿದಿದ್ದರು. ನಳದಿಂದ ಕೊಡ ಕೊಡ ನೀರು ಹಿಡಿದದ್ದು ನಾನೇ. ನೀರು ಸಣ್ಣಗಾದಾಗ ಬೆಂಕಿ ಸಣ್ಣಗಾಗಿದೆ ಎಂದುಕೊಂಡೆ! ಈಗ ಬರೆಯುವಾಗ ನಗು ಬರುತ್ತದೆ. ಎರಡು ಹಿಡಿ ಹತ್ತಿಕಟ್ಟಿಗೆ ತುರುಕಿ ಊದಿ ಬಂದೆ. ಆಲಿಕೆಗೆ ಒಂದು ತಂಬಿಗೆಯನ್ನೂ ಹಾಕಲಿಲ್ಲ.

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಅತ್ತೆ ಓಡಿ ಬಂದು ಎರಡು ಕೊಡ ನೀರು ಸುರಿದರು. ಸುರಿದ ನೀರೆಲ್ಲ ತಳದ ಬಳೆಯಿಂದ ಸೋರಿ ಬೆಂಕಿಯ ಮೇಲೆ ಬಿದ್ದು, ಬಚ್ಚಲು ತುಂಬ ಬೂದಿಯ ಉಗಿ. ಬೆಸುಗೆ ಬಿಟ್ಟಿತ್ತು. ನಾನು ಏನೂ ಹೇಳಲಿಲ್ಲ. ಮಾವನವರು ಕಾಕಾ ಅವರನ್ನು ಕರೆಸಿದರು.

ಕಾಕಾ ಬಂದು ಬಂಬವನ್ನು ಅಂಗಳಕ್ಕೆ ತಂದು, ಮಗುಚಿ, ಅಲುಗಾಡಿಸಿದರು. ಗಿಲಿಗಿಲಿ ಎಂದಿತು. ಮಂದ ಕಿವಿಯನ್ನು ಬಿಟ್ಟು ಒಳ್ಳೆಯ ಕಿವಿಯನ್ನು ತಾಮ್ರಕ್ಕೆ ಒತ್ತಿ ಇನ್ನೊಮ್ಮೆ ಅಲುಗಾಡಿಸಿದರು. ಆಮೇಲೆ ಆಲಿಕೆಯ ಬಾಯನ್ನು ಅಂಗೈ ಮೇಲೆ ಬಗ್ಗಿಸಿದರು. ಬೆಳ್ಳಗಿನ ನಾಲ್ಕೈದು ಮಣಿಗಳು ಉದುರಿದವು. ಬೆಸುಗೆಯ ತವರ ಅದು. ಸುತ್ತ ನೀರಿದ್ದರೆ ತವರ ಕರಗುವುದಿಲ್ಲ. ಕರಗಿ ಮಣಿಯಾಗಿದೆ ಎಂದರೆ ಯಾರೋ ಒಣ ಬಂಬಕ್ಕೆ ಉರಿ ಹಾಕಿದ್ದಾರೆ ಎಂದೇ ಅರ್ಥ. ಇದನ್ನು ನಾನು ಆಮೇಲೆ ಕಲಿತೆ. ಆಗ ಅವರ ಮುಖ ನೋಡಿ ಅವರಿಗೆ ತಿಳಿಯಿತು ಎಂಬುದಷ್ಟು ತಿಳಿಯಿತು. ಅವರು ಮುಷ್ಟಿ ಮುಚ್ಚಿದರು. ಬಾಗಿಲ ಮರೆಯಲ್ಲಿ ನಿಂತ ನನ್ನ ಸೀರೆಯ ಸೆರಗನ್ನು ನೋಡಿದರು. ಸೆರಗಿಗೆ ಬೂದಿ ಹತ್ತಿತ್ತೋ ಏನೋ.

"ಮಿಸ್ತ್ರಿ, ನಿನ್ನ ಬೆಸಿಗಿ ಬಿಚ್ಚಿತಲ್ಲಪಾ" ಎಂದರು ಮಾವನವರು. ದನಿಯಲ್ಲಿ ಸಿಟ್ಟಿಗಿಂತ ಸಂತೋಷ ಹೆಚ್ಚಿತ್ತು.

"ಬಿಚ್ಚೇತ್ರಿ" ಎಂದರು ಕಾಕಾ. ಅಷ್ಟೇ.

ಬಂಬವನ್ನು ಅವರು ಹೆಗಲಿಗೇರಿಸಿಕೊಂಡು ಹೊರಟಾಗ ನಾನು ತುಳಸಿಕಟ್ಟೆಯ ಹತ್ತಿರ ಇದ್ದೆ. ದಾಟುವಾಗ ಮುಷ್ಟಿ ಬಿಚ್ಚಿ ಆ ಮಣಿಗಳನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ, "ತಂಗಿ, ಇವನ್ನ ತಿಪ್ಪ್ಯಾಗ ಒಗದಬಿಡು" ಎಂದರು.

ಒಗೆದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಆದರೆ ಕೈಯಲ್ಲಿ ಹಿಡಿದದ್ದು ನೆನಪಿದೆ, ಒಗೆದದ್ದು ನೆನಪಿಲ್ಲ...

ಮರುದಿನದೊಳಗೆ ಓಣಿಗೆಲ್ಲ ಗೊತ್ತಾಯಿತು: ಕಾಕಾನ ಬೆಸುಗೆ ಬಿಟ್ಟಿತು. ಮಾವನವರು ಸಾಂಗಲಿಯಿಂದ ಹೊಸ ತಗಡಿನ ಬಂಬ ತರಿಸುವ ಮಾತಾಡಿದರು. ಇನ್ನೂ ಎರಡು ಮನೆಯವರು ತಮಗೂ ಒಂದು ಹೇಳಿ ಎಂದರು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಮಗಳ ಮದುವೆಗೆಂದು ಕಾಕಾ ಅವರಿಗೆ ಬಂಬ ಮಾಡಲು ಹೇಳಿದ್ದರು. ಅವರ ಕಡೆಯ ಆಳು ಬಂದು, ಮಾಲು ಸದ್ಯಕ್ಕೆ ಬೇಡ ಎಂದು ಹೇಳಿ ಹೋದ. ಕಾಕಾ ಅವರ ಅಂಗಡಿಯಿಂದ ಬಡಿಗೆಯ ಸದ್ದು ಎಂದಿನಂತೆ ಬರುತ್ತಿತ್ತು. ಎಂದಿನಂತೆ ಬರುತ್ತಿತ್ತು ಎಂಬುದೇ ನನಗೆ ಕೂತಲ್ಲಿ ಕೂರಗೊಡಲಿಲ್ಲ. ನಲವತ್ತು ವರ್ಷದ ಹೆಸರನ್ನು ಆ ಮನುಷ್ಯ, ಹೊಸದಾಗಿ ಬಂದ ಒಬ್ಬ ಹುಡುಗಿಗೆ ಅತ್ತೆಮನೆಯಲ್ಲಿ ಮಾತು ಬರಬಾರದೆಂದು, ತಿಪ್ಪೆಗೆ ಒಗೆ ಎಂದು ಕೊಟ್ಟುಬಿಟ್ಟಿದ್ದರು.

ಇನ್ನು ಮುಂದಿನದರಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಆವತ್ತೇ, ಅಂಗಳದಲ್ಲೇ, ಮಾವನವರ ಮಾತು ಮುಗಿಯುವ ಮೊದಲೇ ಮುಂದೆ ಬಂದು ನಿಜ ಹೇಳುತ್ತೇನೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತ ಬಂದದ್ದು ಅದನ್ನೇ. ಅದು ಸುಳ್ಳು. ಅಷ್ಟು ಚೆನ್ನಾಗಿ ಕಾಣುತ್ತಿರುವುದರಿಂದಲೇ ಸುಳ್ಳು. ಅದರಲ್ಲಿ ನನಗೆ ನನ್ನ ಮುಖವೂ ಕಾಣುತ್ತದೆ. ಯಾರಿಗಾದರೂ ತಮ್ಮ ಮುಖ ತಮಗೆ ಕಂಡೀತೇ?

ಇನ್ನೊಂದರಲ್ಲಿ ಮೂರು ದಿನ ಕಳೆದಿವೆ. ಕಾಕಾ ಬಂಬವನ್ನು ತಂದು ಬಚ್ಚಲ ಬಾಗಿಲಲ್ಲಿಟ್ಟು, ಮಾವನವರ ಜೊತೆ ಪಡಸಾಲೆಯಲ್ಲಿ ಕೂತಿದ್ದಾರೆ. ನಾನು ಒಬ್ಬಳೇ ಬಂಬವನ್ನು ಮಗುಚುತ್ತೇನೆ. ಬೆರಳಿಗೆ ಮಸಿ. ಚಿಕ್ಕಿ ಇದ್ದ ಕಡೆ ಈಗ ನುಣ್ಣಗಿದೆ. ಬೆರಳಿನಿಂದ ಎರಡು ಮೂರು ಸಲ ತೀಡುತ್ತೇನೆ, ಮಸಿಯ ಕೆಳಗೆ ಇರಬಹುದೆಂದು. ಇಲ್ಲ. ಇದೇ ನಿಜ. ಈ ನೆನಪಿನಲ್ಲಿ ನನ್ನ ಮುಖ ಇಲ್ಲ, ಬರೀ ಬೆರಳು.

ಅದೇ ಬೆರಳು ಹಾಗೆಯೇ ಇಟ್ಟುಕೊಂಡು ಪಡಸಾಲೆಗೆ ಹೋದೆ. ಮಾವನವರ ಎದುರು ನಾನು ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ.

"ನೀರಿಲ್ಲದ ಬಂಬಕ್ಕ ಉರಿ ಹಾಕಿದಾಕಿ ನಾನ್ರಿ. ಕಾಕಾ ಅವರ ಬೆಸಿಗಿ ತಪ್ಪಲ್ರಿ. ಅವರಿಗೆ ಅವತ್ತ ಗೊತ್ತಾಗಿತ್ತು."

ಕಾಕಾ ತಲೆ ತಗ್ಗಿಸಿದರು, ತಪ್ಪು ಮಾಡಿ ಸಿಕ್ಕಿಬಿದ್ದವರು ಅವರೇ ಎಂಬಂತೆ. ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮಾವನವರು ಕೇಳಿದ ಮೊದಲ ಪ್ರಶ್ನೆ ನನಗಲ್ಲ.

"ಮಿಸ್ತ್ರಿ, ಖರೇನು?"

"ಹುಡುಗೂರ್ರಿ ರಾಯರ. ಹಂಡೆದ ಮನಿಯಿಂದ ಬಂದಾವ್ರಿ. ಹೊಟ್ಟಿ ಕಾಣದ್ದಕ್ಕ ಕೆಳಗ ಬಾಯಿ ಮಾಡಿದ್ರ ಅವರರ ಏನ ಮಾಡಬೇಕು?"

ತಪ್ಪು ನಳದ್ದು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ಅದು ಮಾವನವರ ಕಡೆ ಹೋಗಿ ಕೂತಿತು. ನಾನು ಮಾವನವರನ್ನು ಆ ಕ್ಷಣದವರೆಗೆ ಬರೀ ಹೆದರಿಕೆಯಿಂದ ನೋಡಿದ್ದೆ. ಅವರು ಎದ್ದು, ಚಪ್ಪಲಿ ಮೆಟ್ಟಿ, ಕಾಕಾ ಅವರನ್ನೂ ಬಂಬವನ್ನೂ ಮುಂದಿಟ್ಟುಕೊಂಡು ಹಾಡಹಗಲಲ್ಲಿ ಓಣಿಯುದ್ದಕ್ಕೂ ಅಂಗಡಿಯವರೆಗೆ ನಡೆದರು. ಕಟ್ಟೆಯ ಮೇಲೆ ಕೂತವರು ಕೇಳಿದರೆ, ತಪ್ಪು ನಮ್ಮ ಮನೆಯದು, ಮಿಸ್ತ್ರಿಯದಲ್ಲ ಎಂದು ಒಬ್ಬೊಬ್ಬರಿಗೂ ನಿಂತು ಹೇಳಿದರಂತೆ. ನನ್ನ ಹೆಸರು ಹೇಳಲಿಲ್ಲವಂತೆ, 'ನಮ್ಮ ಮನೆಯದು' ಎಂದಷ್ಟೇ. ಅಂಗಡಿಯಲ್ಲಿ ಕೂತು ತಮ್ಮೆದುರೇ ನಳ ಕೀಳಿಸಿ, ತೂತಿಗೆ ತೇಪೆ ಹಾಕಿಸಿ, ಮೊದಲಿನಂತೆ ಮೇಲೆ ಮೂತಿ ಇಡಿಸಿದರು. ಕೊನೆಗೆ, "ಚಿಕ್ಕಿ ಇಡು ಮಿಸ್ತ್ರಿ" ಎಂದರು. ಇದನ್ನು ಅತ್ತೆಗೆ ಅವರೇ ಹೇಳಿದ್ದು, ಅತ್ತೆ ನನಗೆ.

ಮಹಾಲಿಂಗಪುರದ ಮದುವೆಗೆ ಬಂಬ ಹೋಯಿತು. ಸಾಂಗಲಿಯ ತಗಡಿನ ಬಂಬ ನಮ್ಮ ಓಣಿಗೆ ಬರಲಿಲ್ಲ. ಮುಂದೆ ಬಂದಿರಲಿಕ್ಕೂ ಸಾಕು, ನಾನು ಅಲ್ಲಿರುವವರೆಗೆ ಬರಲಿಲ್ಲ.

ಬಂಬ ಮನೆಗೆ ಬಂದ ಮೇಲೆ ನಾನು ಮತ್ತೆ ಮಗುಚಿ ನೋಡಿದೆ. ಬಳೆಯ ಮೇಲೆ ಚಿಕ್ಕಿ ಇತ್ತು. ಅದರ ಪಕ್ಕಕ್ಕೆ, ಕೂದಲೆಳೆಯ ಅಂತರದಲ್ಲಿ, ಇನ್ನೊಂದು. ಕಾಕಾ ಯಾವ ಬಂಬಕ್ಕೂ ಎರಡು ಇಟ್ಟವರಲ್ಲ. ಉಳಿ ಜಾರಿರಬಹುದು. ಆದರೆ ಅವರ ಉಳಿ ಜಾರಿದ್ದನ್ನು ಕಂಡವರಿಲ್ಲ. ಒಂದು ಅವರದು, ಇನ್ನೊಂದು ಯಾರದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಆಮೇಲೆ ಸಿಕ್ಕ ಯಾವ ಮಾನವೂ ಎಳ್ಳಿನ ಕಾಳಿನಷ್ಟಿದ್ದ ಅದಕ್ಕೆ ಸರಿಯಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಯಜಮಾನರಿಗೆ ವರ್ಗವಾಗಿ ಧಾರವಾಡಕ್ಕೆ ಬಂದೆವು. ಕಾಕಾ ತೀರಿದ ಸುದ್ದಿ ಒಂದು ಕಾರ್ಡಿನ ಕೊನೆಯ ಸಾಲಿನಲ್ಲಿ ಬಂತು, ಹಪ್ಪಳ ಕಳಿಸಿದ ವಿಷಯದ ಕೆಳಗೆ. ಹೋಗಲಿಲ್ಲ. ಹೋಗಬೇಕಿತ್ತು. ಮನೆ ಪಾಲಾದಾಗ ಬಂಬ ಮೈದುನನ ಪಾಲಿಗೆ ಹೋಯಿತು. ಅಲ್ಲಿಂದ ಮೋಡಿಗೆ, ಎಂದರೆ ಹಳೇ ತಾಮ್ರದ ತೂಕಕ್ಕೆ ಹೋಯಿತು ಎಂದು ಕೇಳಿದೆ. ಕರಗಿಸಿದವರು ತಳವನ್ನು ನೋಡಿರಲಾರರು...

ಮೆಕ್ಯಾನಿಕ್ ಹೊಸ ಸುರುಳಿ ಕೂಡಿಸುವ ಮೊದಲು ನಾನು ಗೀಜರಿನ ಒಳಗೆ ಇಣುಕಿದೆ. ಗಿಡ್ಡದೊಂದು, ಉದ್ದದೊಂದು, ಎರಡು ಕೊಳವೆ. ಏನವು ಎಂದು ಕೇಳಿದೆ. ಅವನು ಸಹನೆಯಿಂದ, ವಯಸ್ಸಾದವರಿಗೆ ವಿವರಿಸುವ ದನಿಯಲ್ಲಿ ಹೇಳಿದ: "ತಣ್ಣೀರು ಈ ಗಿಡ್ಡದ್ರಿಂದ ತಳಕ್ಕ ಬರ್ತಾವ್ರಿ ಅಮ್ಮಾರ. ಮ್ಯಾಲಿನ ಬಿಸಿನೀರನ್ನ ಉದ್ದಂದ್ರಾಗ ದಬ್ಬತಾವು. ತಣ್ಣೀರು ಹೋಗದ ಬಿಸಿನೀರು ಬರಂಗಿಲ್ರಿ."

ಇಷ್ಟು ಒಪ್ಪವಾಗಿ ಕೂಡಿಬಂದದ್ದನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಆದರೆ ಕೊಳವೆ ಕಣ್ಣೆದುರೇ ಇತ್ತು, ಮುಟ್ಟಿ ನೋಡಿದೆ.

ಅವನು ಗೀಜರನ್ನು ಎತ್ತುವಾಗ ತಳವನ್ನೂ ನೋಡಿದೆ. ಅಂಟಿಸಿದ ಚೀಟಿ, ಅದರ ಮೇಲೆ ಉದ್ದನೆಯ ನಂಬರು. ಬೇರೇನೂ ಇಲ್ಲ.

ಗೋಡೆಗೇರಿಸಿ ಮುಗಿಸಿದ ಕೂಡಲೆ ಸೊಸೆ ಸ್ವಿಚ್ಚಿಗೆ ಕೈಹಾಕಿದಳು. "ತಡಿ" ಎಂದೆ. ನಾನೇ ಬಿಸಿನೀರಿನ ನಳ ತಿರುವಿದೆ. ಅದು ಕೆಮ್ಮಿತು, ಗಾಳಿ ಉಗುಳಿತು, ಬಹಳ ಹೊತ್ತು ಸುಮ್ಮನಿತ್ತು. ಮೆಕ್ಯಾನಿಕ್ ನನ್ನನ್ನೇ ನೋಡುತ್ತಿದ್ದ.

"ಮೊದಲ ನೀರು ತುಂಬಸ್ರಿ ಅಂತ ನಾ ಹೇಳಾವಿದ್ನಿರಿ. ನಿಮಗ ಯಾರು ಹೇಳಿದ್ರು?"

ನಮ್ಮ ಓಣಿಯಲ್ಲಿ ಒಬ್ಬರಿದ್ದರು ಎಂದು ಶುರುಮಾಡಿದೆ. ಅಷ್ಟರಲ್ಲಿ ನೀರು ಬಂತು.

"ಈಗ ಹಚ್ಚವಾ" ಎಂದೆ ಸೊಸೆಗೆ.