ಮಾಸ್ತರರ ಕಾರಿಗೆ ಅಡ್ಡ ಬಿಟ್ಟ ಟ್ರೇಲರ್

ಸಿಟ್ಟು ಬಂದಾಗ ನನಗೆ ಮಾತು ಮೊದಲು ಬರುತ್ತದೆ, ಬುದ್ಧಿ ಆಮೇಲೆ. ಇದಕ್ಕೆ ನಾನು ತೆತ್ತ ದಂಡ ಮೂರು ವರ್ಷದ ಕೋರ್ಟಿನ ತಾರೀಖುಗಳು. ಹೆಸರು ಕೂಗಿದಾಗಲೆಲ್ಲ ಕೈ ಮುಗಿದು ನಿಂತು ನಿಂತು, ಈಗ ಮನೆಯಲ್ಲಿ ಊಟಕ್ಕೆ ಕರೆದರೂ ಹಾಗೇ ಎದ್ದು ನಿಲ್ಲುತ್ತೇನೆ.

ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿ ದಲಾಲಿ ಅಂಗಡಿ. ಪೇಟೆಯ ದಿನ ಅಂಗಡಿ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಚೀಲ ತುಂಬಿದ ಟ್ರೇಲರನ್ನು ಕಳಚಿ ನಿಲ್ಲಿಸಿ, ಟ್ರ್ಯಾಕ್ಟರ್ ಇನ್ನೊಂದು ಹೇರು ತರಲು ಹೋಗುವುದು ನಮ್ಮ ಪದ್ಧತಿ. ಆ ದಿನ ಟ್ರೇಲರ್ ನಿಲ್ಲಬೇಕಾದಲ್ಲಿ ಒಂದು ಬಿಳಿ ಮಾರುತಿ ಕಾರು ನಿಂತಿತ್ತು. ಹಾರ್ನ್ ಹೊಡೆಸಿದೆ, ಕೂಗಿಸಿದೆ, ಯಾರೂ ಬರಲಿಲ್ಲ. ನಾನೂ ಬಿಡಲಿಲ್ಲ. ಕಾರಿಗೆ ಅಡ್ಡ ಟ್ರೇಲರ್ ಕಳಚಿಸಿ, ಟ್ರ್ಯಾಕ್ಟರನ್ನು ಕದರಮಂಡಲಗಿಗೆ ಕಳಿಸಿಬಿಟ್ಟೆ.

ಅರ್ಧ ಗಂಟೆಗೆ ಹೊಸರಿತ್ತಿ ಕಡೆಯ ಮಾಸ್ತರರೊಬ್ಬರು ಮಗಳ ಕೈ ಹಿಡಿದು ಬಂದರು. ಅವಳಿಗೆ ಜ್ವರ, ದವಾಖಾನೆಯಲ್ಲಿ ತಡವಾಯಿತು, ತಪ್ಪಾಯಿತು ಎಂದರು. ಅಷ್ಟು ಮೆತ್ತಗೆ ಮಾತಾಡಿದರೆ ನನ್ನಂಥವನ ಸಿಟ್ಟು ಇನ್ನೂ ಏರುತ್ತದೆ, ನೋಡಿ. ಮಗಳನ್ನು ಕಾರಿನಲ್ಲಿ ಕೂರಿಸಿ ಅವರು ಟ್ರೇಲರಿಗೆ ಕೈ ಹಚ್ಚಿದರು.

"ಸರಿಸಿದಿ ಅಂದ್ರ ಕಾಲು ಮುರದು ಕೈಯಾಗ ಕೊಡ್ತೇನಿ," ಎಂದೆ.

ಅವರು ಹೋಗಿ ಕಾರಿನಲ್ಲಿ ಕೂತರು. ಟ್ರ್ಯಾಕ್ಟರ್ ಬಂದದ್ದು ಸಂಜೆಗೆ, ಪೊಲೀಸರು ಬಂದದ್ದು ಮರುದಿನ.

ನಾನು ತಡೆದದ್ದು ಕಾರನ್ನು, ಮನುಷ್ಯನನ್ನಲ್ಲವಲ್ಲ ಎಂದು ವಕೀಲರ ಮುಂದೆ ಜಾಣತನ ತೋರಿಸಿದೆ. ಕಾರು ತಾನೇ ಊರಿಗೆ ಹೋಗುತ್ತಿತ್ತೇನು ಎಂದು ಅವರು ಕನ್ನಡಕ ಒರೆಸಿಕೊಂಡರು. ದಾರಿ ತಡೆದದ್ದಕ್ಕೆ ಮುನ್ನೂರಾ ನಲವತ್ತೊಂದನೇ ಕಲಮು, ಒಂದು ತಿಂಗಳವರೆಗೆ ಜೈಲು. ಬೆದರಿಸಿದ್ದಕ್ಕೆ ಐನೂರಾ ಆರು, ಎರಡು ವರ್ಷದವರೆಗೆ. ಟ್ರೇಲರಿಗಿಂತ ನಾಲಿಗೆ ಭಾರ ಎಂದು ಗೊತ್ತಾದದ್ದು ಆವಾಗ. ಹೆಂಡತಿ ಎರಡು ದಿನ ಊಟ ಬಿಟ್ಟಳು.

ತಪ್ಪು ಒಪ್ಪಬೇಡಿ ಎಂದು ವಕೀಲರು ಹೇಳಿದ್ದರಿಂದ ನಾನು ಬಾಯಿ ಬಿಡಲಿಲ್ಲ. ಮಾಸ್ತರರೂ ನಾನೂ ಕೋರ್ಟಿನ ಒಂದೇ ಕಟ್ಟೆಯ ಎರಡು ತುದಿಗೆ ಕೂತು, ಇವತ್ತು ಸಾಕ್ಷಿ ಬಂದಿಲ್ಲ, ಇವತ್ತು ಸಾಹೇಬರು ರಜೆ ಎಂದು ಕೇಳಿ ಎದ್ದು ಹೋಗುತ್ತಿದ್ದೆವು. ಸಾಕುಸಾಕಾಗಿ ಹೋಯಿತು. ಕೊನೆಗೊಂದು ದಿನ ನಾನೇ ಆ ತುದಿಗೆ ಸರಿದು ರಾಜಿಯ ಮಾತು ತೆಗೆದೆ.

"ಮಗಳ ಮುಂದ ಅಂದೀರಿ. ಮಗಳ ಮುಂದನ ತಪ್ಪಾತು ಅನ್ರಿ, ಸಾಕು," ಎಂದರು ಮಾಸ್ತರರು.

ಹೊಸರಿತ್ತಿಗೆ ಹೋದೆ. ಸ್ಕೂಟರನ್ನು ಯಾರ ಬಾಗಿಲಿಗೂ ಅಡ್ಡವಾಗದಂತೆ ದೂರದಲ್ಲೇ ನಿಲ್ಲಿಸಿದೆ. ಹುಡುಗಿ ಅಪ್ಪನ ಎತ್ತರಕ್ಕೆ ಬೆಳೆದಿದ್ದಳು. ತಪ್ಪಾತವ್ವ ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಚಹಾ ತಂದಿಟ್ಟಳು. ಮಾಸ್ತರರು ಒಳಗೆ ಹೋದಾಗ ಮೆಲ್ಲಗೆ ಹೇಳಿದಳು:

"ಅವತ್ತು ಅಪ್ಪಾರ ಕೈ ನಡಗಾಕತ್ತಿತ್ರಿ. ನಾ ನೋಡೇ ಇಲ್ಲ ಅನ್ನೂಹಂಗ ಹೊರಗ ನೋಡ್ಕೋತ ಕುಂತಿದ್ದೆ."

ರಾಜಿಯಾಯಿತು, ಕೇಸು ಮುಗಿಯಿತು. ಆ ಕೈ ನಡುಗಿದ್ದಕ್ಕೆ ಎಷ್ಟನೇ ಕಲಮು ಎಂದು ವಕೀಲರನ್ನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಪೇಟೆಯ ದಿನ ಅಂಗಡಿ ಮುಂದೆ ಈಗಲೂ ಯಾರಾದರೂ ಕಾರು ನಿಲ್ಲಿಸಿ ಹೋಗುತ್ತಾರೆ, ನನಗೆ ಈಗಲೂ ಸಿಟ್ಟು ಬರುತ್ತದೆ. ಕಾರಿನವನು ಬಂದ ಮೇಲೆ ಬಾಯಿ ತೆರೆಯುವ ಮೊದಲು, ಒಳಗೆ ಯಾರ ಮಗಳಾದರೂ ಕೂತಿದ್ದಾಳೆಯೇ ಎಂದು ಬಗ್ಗಿ ನೋಡುತ್ತೇನೆ.