ಪಕ್ಕದಲ್ಲಿ ಬರೆದ ಹೆಸರು

ವಿನೋದಾ ನೌಕರಿ ಮಾಡಿದ್ದು ಹದಿನೆಂಟು ವರ್ಷ. ಅದರಲ್ಲಿ ಹೆಚ್ಚಿನ ಪಾಲು ಒಂದು ಸಣ್ಣ ಪ್ಲಸ್ ಚಿಹ್ನೆಯ ಹಿಂದೆ ಹೋಯಿತು. ಡೊಂಬಿವಲಿಯಿಂದ ಠಾಣೆಗೆ ಒಂದು ರೈಲು, ಅಲ್ಲಿಂದ ಘಣಸೋಲಿಗೆ ಇನ್ನೊಂದು, ಕೊನೆಗೆ ಶೇರ್ ರಿಕ್ಷಾದಲ್ಲಿ ಮಹಾಪೆ. ಅಲ್ಲಿಯ ಕಂಪನಿಯೊಂದರಲ್ಲಿ ಅವಳು ವೆಬ್ ಪುಟಗಳನ್ನು ಕಟ್ಟುತ್ತಿದ್ದಳು. ಯಂತ್ರಗಳ ಬಿಡಿಭಾಗ ಮಾರುವವರು, ದೊಡ್ಡ ಗೋದಾಮಿನವರು ಅವಳ ಗಿರಾಕಿಗಳು. ಅವರ ಸಾವಿರಾರು ಸಾಮಾನುಗಳನ್ನು ಒಂದೇ ಪುಟದಲ್ಲಿ ಹರಡಿದರೆ ಯಾರ ಕಣ್ಣಿಗೂ ಏನೂ ಸಿಗುವುದಿಲ್ಲ. ಆದ್ದರಿಂದ ಮೊದಲು ಪಂಪ್ ಎಂಬ ಒಂದೇ ಹೆಸರು, ಅದರ ಮುಂದೆ ಒಂದು ಪ್ಲಸ್. ಒತ್ತಿದರೆ ಕೆಳಗೆ ಮೋಟಾರು, ಕವಾಟ, ಕೊಳವೆ. ಮೋಟಾರಿನ ಪ್ಲಸ್ ಒತ್ತಿದರೆ ಅದರ ಭಾಗಗಳು. ಇನ್ನೊಮ್ಮೆ ಒತ್ತಿದರೆ ಎಲ್ಲವೂ ಮಡಚಿಕೊಂಡು ಒಳಗೆ ಹೋಗುತ್ತವೆ. ಕೆಳಗೆ ಏನೂ ಇಲ್ಲದ ಹೆಸರಿಗೆ ಪ್ಲಸ್ ಇರಕೂಡದು ಎಂಬುದು ಅವಳ ಹಟ. ಪ್ಲಸ್ ಹಾಕುವುದೆಂದರೆ ಮಾತು ಕೊಟ್ಟಂತೆ, ಒತ್ತಿದವನಿಗೆ ಬರಿಗೈ ತೋರಿಸಬಾರದು ಎಂದು ಹೊಸಬರಿಗೆ ಹೇಳುತ್ತಿದ್ದಳು.

ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಡೊಂಬಿವಲಿ ಪೂರ್ವದ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿದ್ದಳು. ಅಣ್ಣ ರಂಜನ್ ಅದೇ ಕಟ್ಟಡದ ಮೊದಲ ಮಾಳಿಗೆಯಲ್ಲಿ. ಅವನು ಮದುವೆಯಾದದ್ದು ಉಲ್ಹಾಸನಗರದ ಸಿಂಧಿ ಹುಡುಗಿ ನಿಶಾಳನ್ನು. ಅವರ ಒಬ್ಬಳೇ ಮಗಳು ದಿಶಾ ಶನಿವಾರ ಬೆಳಿಗ್ಗೆ ಮೇಲೆ ಹತ್ತಿದರೆ ಭಾನುವಾರ ರಾತ್ರಿಯ ಊಟಕ್ಕೇ ಇಳಿಯುವುದು. ವಿನೋದಾಳ ಮನೆಮಾತಾದ ತುಳುವಿನಲ್ಲಿ ಸೋದರತ್ತೆಗೆ ಮಾಮಿ ಎನ್ನುತ್ತಾರೆ. ದಿಶಾಗೆ ಬರುತ್ತಿದ್ದ ತುಳು ಹೆಚ್ಚುಕಡಿಮೆ ಆ ಒಂದು ಶಬ್ದ. ಉಳಿದದ್ದೆಲ್ಲ ಹಿಂದಿ.

2008ರ ಮಳೆಗಾಲದಲ್ಲಿ ವಿನೋದಾಳ ಸೋದರಮಾವ ಶಂಭು ಮಾಮನಿಗೆ ಕಣ್ಣಿನ ಪೊರೆ ಬಲಿಯಿತು. ಅವರು ಠಾಣೆ ಸ್ಟೇಷನ್ ಬಳಿಯ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕೂತು ನಿವೃತ್ತರಾದವರು. ಇಡೀ ಕುಟುಂಬದ ವಂಶಾವಳಿ ಅವರ ಒಂದು ಉದ್ದ ಪುಸ್ತಕದಲ್ಲಿತ್ತು. ಹೆಣ್ಣು ಗಂಡು ನೋಡುವ ಮೊದಲು ಬಳಿ, ಅಂದರೆ ಗೋತ್ರ, ಒಂದೇ ಆಗುತ್ತದೋ ಎಂದು ಕಲ್ಯಾಣದಿಂದ ಮುಂಬ್ರಾದವರೆಗಿನ ನೆಂಟರೆಲ್ಲ ಫೋನು ಮಾಡುತ್ತಿದ್ದುದು ಅವರಿಗೇ. ಜನವರಿಯಲ್ಲಿ ಕುಟುಂಬದ ಕೂಟ ಸೇರಲಿತ್ತು. ಅಷ್ಟರೊಳಗೆ ಇದನ್ನೆಲ್ಲ ನಿನ್ನ ಕಂಪ್ಯೂಟರಿಗೆ ಹಾಕು ಎಂದರು ಮಾಮ.

ವಿನೋದಾ ಪುಸ್ತಕವನ್ನು ಮುಟ್ಟಲಿಲ್ಲ. ಆಫೀಸಿನ ರೂಢಿಯಂತೆ ಎಲ್ಲರಿಗೂ ಒಂದು ಫಾರ್ಮ್ ಕಳಿಸಿದಳು: ಹೆಸರು, ತಂದೆಯ ಹೆಸರು, ಅಡ್ಡಹೆಸರು, ಕೊನೆಯಲ್ಲಿ ತಾಯಿಯ ಹೆಸರು. ಡೊಂಬಿವಲಿಯ ಶಾಲೆಯಲ್ಲಿ, ರೇಷನ್ ಕಾರ್ಡಿನಲ್ಲಿ, ರೈಲಿನ ಪಾಸಿನಲ್ಲಿ ಅವಳು ಹುಟ್ಟಿದಂದಿನಿಂದ ಬರೆದದ್ದು ಆ ಕ್ರಮದಲ್ಲೇ. ಪ್ರತಿಯೊಂದು ಹೆಸರೂ ಮತ್ತೊಂದರ ಕೆಳಗೆ ತೂಗಬೇಕಲ್ಲ. ಅವಳು ಎರಡನೆಯ ಹೆಸರನ್ನು ಹಿಡಿದು ತೂಗಿಸಿದಳು. ಡಿಸೆಂಬರಿನ ಒಂದು ಶನಿವಾರ ಪುಟ ತೆರೆದುಕೊಂಡಿತು. ದಿಶಾ ತೊಡೆಯ ಮೇಲೆ ಕೂತು ಅಪ್ಪನ ಹೆಸರಿನ ಪ್ಲಸ್ ಒತ್ತಿದಳು. ಕೆಳಗೆ ಅವಳ ಹೆಸರು ಬಂತು. ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಆ ದಿನ ಅವಳಿಗೆ ಬೇರೆ ಆಟ ಬೇಕಾಗಲಿಲ್ಲ.

ಮರುದಿನ ಶಂಭು ಮಾಮ ಬಂದರು. ಮುಖವನ್ನು ಪರದೆಗೆ ಗೇಣಿನಷ್ಟು ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ನಮ್ಮ ಹೆಂಗಸರೆಲ್ಲ ಬಂಜೆಯರಾ ಮಾರಾಯ್ತಿ?" ಎಂದರು. "ಒಬ್ಬಳ ಮುಂದೂ ನಿನ್ನ ಪ್ಲಸ್ ಇಲ್ಲವಲ್ಲ."

ವಿನೋದಾ ಬಗ್ಗಿ ನೋಡಿದಳು. ನಿಜ. ನಲವತ್ತು ತುಂಡು ಮರಗಳು, ಎಲ್ಲವೂ ಗಂಡಸರ ಹೆಸರಿನಿಂದ ಶುರು. ಅವಳ ತಾಯಿ ಯಾವುದೋ ಒಂದರ ತುದಿಯಲ್ಲಿ ಎಲೆಯ ಹಾಗೆ ನಿಂತಿದ್ದಳು. ವಿನೋದಾ ಬೇರೆಲ್ಲೋ ಅಪ್ಪನ ಕೆಳಗೆ. ಮಾಮನಿಗೂ ಅವಳಿಗೂ ಸಂಬಂಧವೇ ಇರಲಿಲ್ಲ.

ಈ ಕುಟುಂಬಗಳಲ್ಲಿ ಬಳಿ ಬರುವುದು ತಾಯಿಯಿಂದ. ಮಗಳ ಮಕ್ಕಳು ಮನೆಯವರು. ಮಗನ ಮಕ್ಕಳು ಅವರ ತಾಯಿಯ ಮನೆಯವರು. ಇದು ವಿನೋದಾಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ, ಅವಳ ಬೆರಳುಗಳಿಗೆ ಗೊತ್ತಿರಲಿಲ್ಲ ಅಷ್ಟೆ. ತಿದ್ದಬೇಕಾದದ್ದು ಒಂದೇ ಸಾಲು. ತಂದೆ ಎಂದಿದ್ದಲ್ಲಿ ತಾಯಿ ಎಂದು ಬರೆದಳು. ನಲವತ್ತು ತುಂಡುಗಳು ಕೂಡಿ ದುಗ್ಗಮ್ಮ ಎಂಬ ಒಬ್ಬಳೇ ಅಜ್ಜಿಯ ಕೆಳಗೆ ಇನ್ನೂರ ಹನ್ನೆರಡು ಜನ ಸಾಲಾಗಿ ನಿಂತರು. ಮಾಮ ಬೆರಳಿಟ್ಟು ಒಂದೊಂದಾಗಿ ಇಳಿದು ವಿನೋದಾಳ ಹೆಸರಿನ ಮೇಲೆ ನಿಲ್ಲಿಸಿದರು. ಈಗ ಸರಿ ಎಂದರು.

ರಂಜನ್‌ನ ಮುಂದೆ ಪ್ಲಸ್ ಇರಲಿಲ್ಲ. ದಿಶಾ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

"ಮಾಮಿ, ಮೇರಾ ನಾಮ್ ಕಿಧರ್ ಗಯಾ?"

ಕೂಟಕ್ಕೆ ಐದು ವಾರ ಉಳಿದಿತ್ತು. ಅಂದು ಪುಟವನ್ನು ಸಭಾಂಗಣದ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುವವರಿದ್ದರು. ಒಮ್ಮೆ ಕಂಡ ಹೆಸರನ್ನು ಮಗು ಅಲ್ಲಿ ಹುಡುಕದೆ ಇರುವುದಿಲ್ಲ ಎಂಬುದು ವಿನೋದಾಗೆ ಗೊತ್ತಿತ್ತು. ರೈಲಿನಲ್ಲಿ ನಿಂತಾಗ, ಮುಂಬ್ರಾದ ಗುಡ್ಡ ಕಿಟಕಿಗೆ ಬಂದು ಹೋಗುವಾಗ, ಅವಳಿಗೆ ಅದೊಂದೇ ಯೋಚನೆ. ದಿಶಾಳನ್ನು ಸುಮ್ಮನೆ ರಂಜನ್ ಕೆಳಗೆ ತೂಗಿಸಬಹುದಿತ್ತು. ಆದರೆ ನಾಳೆ ಯಾರೋ ಮದುವೆಯ ಮಾತಿಗೆ ಆ ಪುಟ ನೋಡಿ ಅವಳನ್ನು ಈ ಬಳಿಯವಳೆಂದುಕೊಂಡರೆ? ಸುಳ್ಳು ಪ್ಲಸ್ ಅದು.

ಮುಂದಿನ ಭಾನುವಾರ ಮಾಮನ ಮನೆಗೆ ಹೋಗಿ ಕೇಳಿದಳು. ಗಂಡಸಿನ ಕೆಳಗೆ ಮಕ್ಕಳನ್ನು ಬರೆಯುವ ಕ್ರಮವಿಲ್ಲ ಎಂದರು ಮಾಮ. ಅವರು ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ವಾದಿಸುವುದು ಕಷ್ಟವಾಯಿತು. ವಿನೋದಾ ಮೊದಲ ಬಾರಿ ಉದ್ದ ಪುಸ್ತಕವನ್ನು ತೆಗೆದು ಓದಿದಳು. ಪ್ರತಿ ಗಂಡಸಿನ ಹೆಸರಿನ ಬಲಗಡೆ, ಹಾಳೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಹೆಂಡತಿಯ ಹೆಸರು, ಅವಳು ಯಾವ ಮನೆಯವಳು ಎಂಬುದು ಇತ್ತು. ರಂಜನ್ ಎದುರು ಅಂಚು ಖಾಲಿ.

"ಇದ್ಯಾಕೆ ಬಿಟ್ಟಿರಿ ಮಾಮ?"

"ಅವಳ ಮನೆ ಯಾವುದೆಂದು ಬರೆಯಲಿ? ನಮಗೆ ಗೊತ್ತಿಲ್ಲವಲ್ಲ."

"ಕೇಳಿದಿರಾ?"

ಮಾಮ ಖಾಲಿ ಅಂಚನ್ನು ಬೆರಳಿನಿಂದ ಒರೆಸಿದರು. ವಿನೋದಾ ಪುಸ್ತಕದ ಮೊದಲ ಹಾಳೆಗೆ ತಿರುಗಿಸಿ, ದುಗ್ಗಮ್ಮನ ತಾಯಿ ಯಾರೆಂದು ಕೇಳಿದಳು. ಅದು ಯಾರಿಗೆ ಗೊತ್ತು, ಮರ ಎಲ್ಲಿಂದಲಾದರೂ ಶುರುವಾಗಬೇಕಲ್ಲ ಎಂದರು ಮಾಮ. ಹೇಳಿ ಮುಗಿಸುವಷ್ಟರಲ್ಲಿ, ನಿಶಾಳ ಮರವೂ ಹಾಗೇ ಎಲ್ಲಿಂದಲಾದರೂ ಶುರುವಾಗಬಹುದೆಂದು ಅವರಿಗೇ ಅರ್ಥವಾಗಿ ನಗು ಬಂತು.

"ಹೋಟೆಲಿನಲ್ಲಿ ನಿನ್ನಂಥ ಗಿರಾಕಿ ಬಂದರೆ ವಾದಕ್ಕೆ ಹೆದರಿ ನಾನು ಬಿಲ್ಲನ್ನೇ ಕೊಡುತ್ತಿರಲಿಲ್ಲ," ಎಂದರು. ಪುಸ್ತಕ ಮುಚ್ಚುತ್ತ, "ಕೆಳಗೆ ಬರೆಯಬೇಡ. ಪಕ್ಕದಲ್ಲಿ ನಿಶಾಳನ್ನು ಬರೆ," ಎಂದರು.

ವಿನೋದಾ ಮಾರನೆಯ ಶನಿವಾರ ದಿಶಾಳನ್ನು ಕರೆದುಕೊಂಡು ಉಲ್ಹಾಸನಗರಕ್ಕೆ ಹೋದಳು. ನಿಶಾಳ ತಾಯಿ ಈಶ್ವರಿಗೆ ಅಲ್ಲಿ ಬಟ್ಟೆಯ ಅಂಗಡಿ. ಅವರು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಹೆಸರು ಹೇಳಿದರು. ಅವರ ತಾಯಿ ಜಮುನಾ, ಕರಾಚಿಯಿಂದ ಹಡಗಿನಲ್ಲಿ ಬಂದವಳು. ಜಮುನಾಳ ತಾಯಿ ಕಿಶನಿ. ಅವಳು ಹಡಗು ಹತ್ತಲಿಲ್ಲ. ಅದಕ್ಕಿಂತ ಮೇಲಿನದು ಗೊತ್ತಿಲ್ಲ. ಈ ಹೆಸರುಗಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಎಂದು ಹೇಳಿ, ದಿಶಾಗೆ ಒಂದು ಫ್ರಾಕಿನ ಬಟ್ಟೆ ಕತ್ತರಿಸಿ ಕೊಟ್ಟರು.

ಕೂಟದ ದಿನ ಗೋಡೆಯ ಮೇಲೆ ಎರಡು ಮರಗಳಿದ್ದವು. ದೊಡ್ಡದರಲ್ಲಿ ಯಾವ ಗಂಡಸಿನ ಹೆಸರನ್ನು ಒತ್ತಿದರೂ ಪಕ್ಕದಲ್ಲಿ ಹೆಂಡತಿಯ ಹೆಸರು ಬರುತ್ತಿತ್ತು. ಅವಳ ಮರವೂ ಪುಟದಲ್ಲಿದ್ದರೆ, ಆ ಹೆಸರನ್ನು ಒತ್ತಿದಾಗ ಪುಟ ಅಲ್ಲಿಗೆ ಸರಿಯುತ್ತಿತ್ತು. ದಿಶಾ ಅಪ್ಪನ ಪಕ್ಕದ ನಿಶಾಳನ್ನು ಒತ್ತಿದಳು. ಪುಟ ಕೆಳಗಿಳಿದು ಕಿಶನಿಯ ಹೆಸರಿನಲ್ಲಿ ನಿಂತಿತು. ಅಲ್ಲಿಂದ ನಾಲ್ಕು ಪ್ಲಸ್. ಕೊನೆಯದು ತೆರೆದಾಗ ಕೆಳಗೆ ಬಂದ ದಿಶಾಳ ಹೆಸರನ್ನು ಶಂಭು ಮಾಮನೇ ಗಟ್ಟಿಯಾಗಿ ಓದಿದರು. ಪೊರೆಯ ಕಣ್ಣಿಗೆ ಅಕ್ಷರ ಕಂಡಿತ್ತೋ ಇಲ್ಲವೋ.

ಮಾಮ 2013ರಲ್ಲಿ ಹೋದರು. ವಿನೋದಾ 2018ರ ಆಗಸ್ಟಿನಲ್ಲಿ ಹೋದಳು, ನಲವತ್ತಮೂರನೆಯ ವಯಸ್ಸಿಗೆ, ಎಂಟು ತಿಂಗಳ ಕಾಯಿಲೆಯ ನಂತರ. ಯಾರ್ಯಾರಿಗೆ ಸೂತಕ, ಯಾರಿಗೆ ಇಲ್ಲ ಎಂದು ಕುಟುಂಬದವರು ನೋಡಿದ್ದು ಅವಳು ಕಟ್ಟಿದ ಪುಟದಲ್ಲೇ. ಅದರ ಪ್ರಕಾರ ದಿಶಾಗೆ ಇರಲಿಲ್ಲ. ಯಾರೋ ಅದನ್ನು ಸಮಾಧಾನದ ಮಾತಿನಂತೆ ಅವಳಿಗೆ ಹೇಳಿದರು. ಕಾಲೇಜಿಗೆ ಹೋಗಬಹುದಂತೆ.

ಅವಳು ಹೋಗಲಿಲ್ಲ. ಪುಟ ನೋಡಿಕೊಳ್ಳುವ ಕೆಲಸ ಅಷ್ಟರಲ್ಲಿ ಅವಳದೇ ಆಗಿತ್ತು. ಮೂರನೆಯ ಮಾಳಿಗೆಯಲ್ಲಿ ಅದೇ ಮೇಜಿನ ಮುಂದೆ ಕೂತು ದುಗ್ಗಮ್ಮನಿಂದ ಇಳಿಯುತ್ತ ಬಂದಳು. ವಿನೋದಾಳ ಮುಂದೆ ಪ್ಲಸ್ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ತಾರೀಕು ಸೇರಿಸಲೆಂದು ದಿಶಾ ಹೆಸರನ್ನು ಒತ್ತಿದಳು. ಮದುವೆಯಾಗದವರ ಪಕ್ಕದಲ್ಲಿ ಏನೂ ಬರಬಾರದು. ಆದರೆ ಅಲ್ಲಿ ಒಂದು ಹೆಸರು ಬಂತು. ಅದನ್ನು ಒತ್ತಿದಾಗ ಪುಟ ಸರಿದು ಕಿಶನಿಯ ಮರದಲ್ಲಿ ನಿಂತಿತು. ನಾಲ್ಕು ಪ್ಲಸ್‌ಗಳೂ ಮೊದಲೇ ತೆರೆದಿದ್ದವು, ಎಲ್ಲಕ್ಕಿಂತ ಕೆಳಗೆ ಅದೇ ಹೆಸರು, ದಿಶಾ.

ಆ ಸಾಲನ್ನು ಸೇರಿಸಿದ ದಿನಾಂಕ ಕೂಟದ ಹಿಂದಿನ ದಿನದ್ದು. ಒಂಬತ್ತು ವರ್ಷ ವಿನೋದಾ ಅದರ ಬಗ್ಗೆ ಯಾರಿಗೂ ಹೇಳಿರಲಿಲ್ಲ.

ದಿಶಾ ತಾರೀಕು ಬರೆದು ಉಳಿಸಿದಳು. ಹದಿಮೂರನೆಯ ದಿನದವರೆಗೆ ಮೂರನೆಯ ಮಾಳಿಗೆಯಲ್ಲೇ ಉಳಿದು, ಅಜ್ಜಿಯ ಜೊತೆ ಸೂತಕ ಹಿಡಿದಳು.